ಮೆನುವಿನಿಂದ ಕ್ಯಾಲ್ಕ್ ಕಾಣೆಯಾದಾಗ

ಕಳೆದ ತಿಂಗಳು ಒಂದು ಸಂಜೆ, ಮಗ್ರಿಬ್ ಆದ ಮೇಲೆ, ಅಬ್ಬು ಎಂದಿನಂತೆ ಕಂಪ್ಯೂಟರ್ ಮುಂದೆ ಕುಳಿತರು. ಮರಳೂರು ದಿಣ್ಣೆಯಲ್ಲಿ ಅವರದು ಮಂಚ, ಬೀರು ಮಾಡಿಕೊಡುವ ಕೆಲಸ. ಯಾರು ಎಷ್ಟು ಅಡ್ವಾನ್ಸ್ ಕೊಟ್ಟಿದ್ದಾರೆ, ಯಾರ ಬಾಕಿ ಎಷ್ಟು ಎಂಬುದನ್ನೆಲ್ಲ ನಾನು ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಹಾಕಿಕೊಟ್ಟ ಮೇಲೆ ಅವರು ಕೈಬರಹದ ಪುಸ್ತಕ ಬಿಟ್ಟೇ ಬಿಟ್ಟಿದ್ದರು. ಅಂದು ಮೆನುವಿನಲ್ಲಿ 'ಆಫೀಸ್' ತೆರೆದರೆ ಕ್ಯಾಲ್ಕ್ ಇಲ್ಲ, ರೈಟರ್ ಕೂಡ ಇಲ್ಲ. "ಬೇಟಾ, ಹಿಸಾಬೆಲ್ಲ ಹೋಯ್ತಾ?" ಎಂದು ಕೇಳಿದರು. ಪರಿಚಯದ ರಿಪೇರಿ ಅಂಗಡಿಗೆ ಫೋನ್ ಮಾಡಿದರೆ, "ಫಾರ್ಮ್ಯಾಟ್ ಮಾಡಿಬಿಡೋಣ, 500 ರೂಪಾಯಿ" ಎಂದರು. ಬೇರೆ ಕಡೆ ಕಾಪಿ ಇಟ್ಟಿರಲಿಲ್ಲ. ಫಾರ್ಮ್ಯಾಟ್ ಮಾಡಿದ್ದರೆ ಬಾಕಿ ಲೆಕ್ಕ ನಿಜವಾಗಿಯೂ ಅಳಿಸಿಹೋಗುತ್ತಿತ್ತು.

ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ಮೆನು ಎಂಬುದು ಲೆಡ್ಜರಿನ ಮುಂದಿರುವ ಸೂಚಿ ಪುಟ ಇದ್ದಂತೆ. ಸೂಚಿಯಲ್ಲಿ ಒಂದು ಹೆಸರು ಅಳಿಸಿದರೆ ಒಳಗಿನ ಖಾತೆ ಅಳಿಸುವುದಿಲ್ಲ. ಹಾಗಾಗಿ ಮೊದಲು ನೋಡಬೇಕಾದದ್ದು ಖಾತೆ ಇದೆಯೇ ಎಂದು. ನಮ್ಮದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್, ಅದರಲ್ಲಿರುವುದು ಕ್ಸುಬುಂಟು ಎಂಬ ಲಿನಕ್ಸ್. ಆಲ್ಟ್ ಮತ್ತು ಎಫ್2 ಕೀಗಳನ್ನು ಒಟ್ಟಿಗೆ ಒತ್ತಿದರೆ ಪ್ರೋಗ್ರಾಮಿನ ಹೆಸರು ಬರೆಯುವ ಚಿಕ್ಕ ಕಿಟಕಿ ಬರುತ್ತದೆ. ಅಲ್ಲಿ ಎಲ್-ಒ-ಸಿ-ಎ-ಎಲ್-ಸಿ ಎಂದು ಟೈಪ್ ಮಾಡಿ ಎಂಟರ್ ಒತ್ತಿದೆ. ಕ್ಯಾಲ್ಕ್ ತೆರೆಯಿತು. ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಅಬ್ಬು ಅವರ ಫೈಲೂ ಇತ್ತು. ಅದನ್ನು ಕೂಡಲೇ ಪೆನ್ ಡ್ರೈವ್‌ಗೆ ಹಾಕಿಕೊಂಡೆ. ಉಳಿದದ್ದೆಲ್ಲ ಆಮೇಲೆ.

ಎರಡನೆಯ ಪರೀಕ್ಷೆ: ತೊಂದರೆ ಇಡೀ ಕಂಪ್ಯೂಟರಿನದೋ, ಒಬ್ಬರ ಖಾತೆಯದು ಮಾತ್ರವೋ? ಅಮ್ಮಿಗೆಂದು ಬೇರೆ ಯೂಸರ್ ಹೆಸರು ಮಾಡಿಟ್ಟಿದ್ದೆವು. ಅದರಲ್ಲಿ ಲಾಗಿನ್ ಆದರೆ ಕ್ಯಾಲ್ಕ್, ರೈಟರ್ ಎರಡೂ ತಮ್ಮ ಜಾಗದಲ್ಲೇ ಇದ್ದವು! ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ಒಂದೊಂದೇ ಪುಸ್ತಕ ಬದಿಗಿಟ್ಟು ಹುಡುಕುವ ಹಾಗೆ ಇದೂ. ಅರ್ಧ ಜಾಗ ಹುಡುಕುವ ಕೆಲಸ ತಪ್ಪಿತು. ದೋಷ ನಾನು, ಅಬ್ಬು, ತಮ್ಮ ಮೂವರೂ ಬಳಸುವ ಖಾತೆಯಲ್ಲಿತ್ತು.

ಲಿನಕ್ಸ್ ಮೆನುವಿನ ಪ್ರತಿಯೊಂದು ಹೆಸರಿನ ಹಿಂದೆ ಒಂದು ಚಿಕ್ಕ ಪಠ್ಯ ಕಡತ ಇರುತ್ತದೆ. ಹೆಸರಿನ ಕೊನೆಯಲ್ಲಿ 'ಡಾಟ್ ಡೆಸ್ಕ್‌ಟಾಪ್' ಎಂದಿರುತ್ತದೆ. ಬೇರೆ ಬೇರೆ ಲಿನಕ್ಸ್ ಡೆಸ್ಕ್‌ಟಾಪ್‌ಗಳು ಒಂದೇ ನಿಯಮ ಪಾಲಿಸಲಿ ಎಂದು 2000ರಲ್ಲಿ ಹುಟ್ಟಿದ ಫ್ರೀಡೆಸ್ಕ್‌ಟಾಪ್ ಎಂಬ ಯೋಜನೆಯವರು ಇದರ ನಿಯಮಗಳನ್ನು ರೂಪಿಸಿದ್ದಾರೆ. ಎಲ್ಲರಿಗೂ ಸೇರಿದ ಕಡತಗಳು 'ಯುಎಸ್‌ಆರ್' ಒಳಗಿನ 'ಶೇರ್', ಅದರೊಳಗಿನ 'ಅಪ್ಲಿಕೇಶನ್ಸ್' ಫೋಲ್ಡರಿನಲ್ಲಿರುತ್ತವೆ. ನಮ್ಮ ಸ್ವಂತದವು ಹೋಮ್ ಫೋಲ್ಡರಿನ 'ಡಾಟ್ ಲೋಕಲ್', ಅದರ 'ಶೇರ್', ಅದರ 'ಅಪ್ಲಿಕೇಶನ್ಸ್'ನಲ್ಲಿ. ಚುಕ್ಕಿಯಿಂದ ಶುರುವಾಗುವ ಫೋಲ್ಡರ್ ಸುಮ್ಮನೆ ನೋಡಿದರೆ ಕಾಣುವುದಿಲ್ಲ, ಕಂಟ್ರೋಲ್ ಮತ್ತು ಎಚ್ ಒತ್ತಬೇಕು. ಒಂದೇ ಹೆಸರಿನ ಕಡತ ಎರಡೂ ಕಡೆ ಇದ್ದರೆ ನಮ್ಮದೇ ಗೆಲ್ಲುತ್ತದೆ. ಮುಖ್ಯ ವಿಷಯ ಇದೇ.

ನಮ್ಮ ಫೋಲ್ಡರಿನಲ್ಲಿ ನಾಲ್ಕು ಕಡತಗಳಿದ್ದವು: ಕ್ಯಾಲ್ಕ್, ರೈಟರ್, ಸುಡೊಕು, ಮೈನ್ಸ್. ಕ್ಯಾಲ್ಕ್‌ನದನ್ನು ಮೌಸ್‌ಪ್ಯಾಡ್‌ನಲ್ಲಿ ತೆರೆದೆ. ನಡುವೆ ಒಂದು ಸಾಲು, 'ನೋ ಡಿಸ್‌ಪ್ಲೇ ಈಕ್ವಲ್ ಟು ಟ್ರೂ'. ಅಂದರೆ ಮೆನುವಿನಲ್ಲಿ ತೋರಿಸಬೇಡ. ಸುಡೊಕು, ಮೈನ್ಸ್ ಕಡತಗಳಲ್ಲೂ ಅದೇ ಸಾಲು. ಆ ಎರಡನ್ನು ನೋಡಿದೊಡನೆ ನನಗೆ ನಾಚಿಕೆಯಾಯಿತು. ತಮ್ಮ ಓದುತ್ತಿಲ್ಲವೆಂದು ಮೆನು ಲಿಬ್ರೆ ಎಂಬ ಪ್ರೋಗ್ರಾಮಿನಲ್ಲಿ 'ಮೆನುವಿನಿಂದ ಮರೆಮಾಡು' ಒತ್ತಿ ಆಟಗಳನ್ನು ಅಡಗಿಸಿದ್ದವಳು ನಾನೇ. ಅವನು ಅದನ್ನು ಕಂಡುಹಿಡಿದು, "ಆಪಾಗೆ ಗೊತ್ತಾಗಲಿ" ಎಂದು ನನ್ನ ಅಕೌಂಟೆನ್ಸಿ ಅಭ್ಯಾಸದ ಕ್ಯಾಲ್ಕನ್ನೇ ಅಡಗಿಸಿದ್ದ. ಅಬ್ಬು ಹಿಸಾಬೂ ಅದರಲ್ಲೇ ಇದೆ ಎಂದು ಅವನಿಗೆ ಹೊಳೆದಿರಲಿಲ್ಲ.

ಕಡತಗಳನ್ನು ಅಳಿಸಲಿಲ್ಲ. ಕ್ಯಾಲ್ಕ್, ರೈಟರ್ ಎರಡನ್ನೂ ಬೇರೆ ಫೋಲ್ಡರಿಗೆ ಸರಿಸಿ, ಲಾಗ್ ಔಟ್ ಆಗಿ ಮತ್ತೆ ಬಂದೆ. ನಮ್ಮದು ಇಲ್ಲವಾದ್ದರಿಂದ ಎಲ್ಲರ ಕಡತ ಕೆಲಸಕ್ಕೆ ಬಂತು, ಕ್ಯಾಲ್ಕ್ ಮೆನುವಿಗೆ ಮರಳಿತು. 'ಯುಎಸ್‌ಆರ್' ಒಳಗಿನ ಕಡತಗಳನ್ನು ಮಾತ್ರ ಮುಟ್ಟಬೇಡಿ. ತಪ್ಪಾದರೆ ಎಲ್ಲ ಯೂಸರ್‌ಗಳಿಗೂ ಕೆಡುತ್ತದೆ, ಸರಿ ಮಾಡಿದರೂ ಮುಂದಿನ ಅಪ್‌ಡೇಟ್ ಅದನ್ನು ಅಳಿಸಬಹುದು.

ಎಲ್ಲ ಸಲ ತಮ್ಮನೇ ಕಾರಣ ಆಗಿರುವುದಿಲ್ಲ. 'ಓನ್ಲಿ ಶೋ ಇನ್' ಎಂಬ ಸಾಲಿದ್ದರೆ ಅದರಲ್ಲಿ ಹೆಸರಿಸಿದ ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಐಟಂ ಕಾಣುತ್ತದೆ. 'ಟ್ರೈ ಎಕ್ಸೆಕ್' ಸಾಲಿನ ಪ್ರೋಗ್ರಾಂ ಕಂಪ್ಯೂಟರಿನಲ್ಲಿ ಇಲ್ಲದಿದ್ದರೂ ಹೆಸರು ಮರೆಯಾಗುತ್ತದೆ. ಇನ್ನು ಕೆಲವು ಸಲ ಏನೂ ಕಾಣೆಯಾಗಿರುವುದೇ ಇಲ್ಲ. ನಾನೊಮ್ಮೆ ಭಾಷೆಯನ್ನು ಕನ್ನಡಕ್ಕೆ ಬದಲಿಸಿದಾಗ ಹೆಸರುಗಳೂ ಅವುಗಳ ಕ್ರಮವೂ ಬದಲಾಗಿ, ಅಮ್ಮಿಗೆ ಬೇಕಾದದ್ದು ಸಿಗದೆ ನನ್ನನ್ನು ಬೈದರು. ಅದೇ ಕಡತದಲ್ಲಿ ಕನ್ನಡದ ಹೆಸರಿಗೆ ಒಂದು ಸಾಲು, ಕೆಲವದರಲ್ಲಿ ಉರ್ದುವಿಗೂ ಒಂದು ಸಾಲು ಇರುತ್ತದೆ. ನಮ್ಮ ಮನೆಯ ಹಾಗೆಯೇ.

ವಿಂಡೋಸ್ ಇರುವವರಿಗೆ: ಅಲ್ಲಿಯೂ ಸ್ಟಾರ್ಟ್ ಮೆನುವಿನ ಹೆಸರುಗಳು ಬಹುತೇಕ ಶಾರ್ಟ್‌ಕಟ್‌ಗಳು. ಶಾರ್ಟ್‌ಕಟ್ ಅಳಿದರೆ ಪ್ರೋಗ್ರಾಂ ಅಳಿಯದು. ಡೆಸ್ಕ್‌ಟಾಪಿನ ಐಕಾನ್‌ಗಳೆಲ್ಲ ಒಮ್ಮೆಗೇ ಮಾಯವಾದರೆ, ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ 'ವ್ಯೂ'ಗೆ ಹೋಗಿ 'ಶೋ ಡೆಸ್ಕ್‌ಟಾಪ್ ಐಕಾನ್ಸ್' ಮುಂದೆ ಟಿಕ್ ಇದೆಯೇ ನೋಡಿ. ಆಮೇಲೆ ಬೇಕಾದರೆ ಅಂಗಡಿಗೆ ಹೋಗಿ.

ಅಬ್ಬು ಈಗ ಪ್ರತಿ ಶುಕ್ರವಾರ ಪೆನ್ ಡ್ರೈವ್ ಕೇಳುತ್ತಾರೆ. ಸುಡೊಕು ಕಡತವನ್ನೂ ತೆಗೆದು ತಮ್ಮನಿಗೆ ಆಟ ಮರಳಿಸಿದ್ದೇನೆ. ಮೈನ್ಸ್ ಮಾತ್ರ ಪರೀಕ್ಷೆ ಮುಗಿದ ಮೇಲೆ ಎಂದು ಅಮ್ಮಿ ಹೇಳಿದ್ದಾರೆ.