ಸ್ವರ್ಗದಲ್ಲಿ ಕೂತು ನೋಡಿದ ಆಕಾಶ

ನಮ್ಮ ಎಣ್ಮಕಜೆ ಪಂಚಾಯತಿನಲ್ಲಿ ಸ್ವರ್ಗ ಎಂಬ ಹೆಸರಿನ ಊರೊಂದುಂಟು. ಹೋಗಲು ಪುಣ್ಯ ಬೇಡ, ಪೆರ್ಲದಲ್ಲಿ ಬಸ್ಸು ಹತ್ತಿದರೆ ಸಾಕು. 2014ರ ಬೇಸಗೆಯಲ್ಲಿ ಆ ಸ್ವರ್ಗದ ಒಂದು ಚಾವಡಿಯಲ್ಲಿ, ನನ್ನ ದೊಡ್ಡಪ್ಪನ ಟೀವಿಯ ಎದುರು, ನಾವು ಏಳೆಂಟು ಮಂದಿ ವಾರಕ್ಕೊಮ್ಮೆ ಕೂತು ‘ಕಾಸ್ಮೋಸ್’ ನೋಡಿದೆವು. ನಕ್ಷತ್ರ, ಗೆಲಾಕ್ಸಿ, ಧೂಮಕೇತುಗಳ ಆ ಸರಣಿ ಏಳನೆಯ ಕಂತಿಗೆ ಬರುವಾಗ ನಮ್ಮ ಹಿತ್ತಿಲ ಗೇರು ಗುಡ್ಡಕ್ಕೇ ಬಂದು ಇಳಿಯುತ್ತದೆಂದು ಯಾರೂ ಎಣಿಸಿರಲಿಲ್ಲ.

ಕಾಸ್ಮೋಸ್ ನಮಗೆ ಹೊಸತಲ್ಲ. ಕಾರ್ಲ್ ಸೇಗನ್ ಎಂಬ ಖಗೋಳ ವಿಜ್ಞಾನಿ ನಡೆಸಿಕೊಟ್ಟ ಮೊದಲಿನ ಕಾಸ್ಮೋಸ್ ಅಮೆರಿಕದಲ್ಲಿ 1980ರಲ್ಲಿ ಬಂದದ್ದು, 13 ಕಂತು. ಆ ದಶಕದಲ್ಲೇ ನಮ್ಮ ದೂರದರ್ಶನವೂ ಅದನ್ನು ತೋರಿಸಿತು. ಆಗ ನಾನು ಚಡ್ಡಿ ಬಿಟ್ಟು ಪ್ಯಾಂಟಿಗೆ ಬಂದ ಪ್ರಾಯದವನು. ಇದೇ ಚಾವಡಿ, ಕಪ್ಪು ಬಿಳುಪಿನ ಪೆಟ್ಟಿಗೆ, ಮಾಡಿನ ಮೇಲೆ ಅಡಿಕೆ ಮರದಷ್ಟು ಎತ್ತರಕ್ಕೆ ಕಟ್ಟಿದ ಆಂಟೆನಾ. ಒಬ್ಬ ಮೇಲೆ ಹತ್ತಿ ಅದನ್ನು ತಿರುಗಿಸುವುದು, ಒಳಗಿನವರು ‘ಬಂತು, ಬಂತು, ಹೋಯ್ತು’ ಎಂದು ಕೂಗುವುದು. 1987ರಲ್ಲಿ ರಾಮಾಯಣ ಶುರುವಾದಾಗ ಅಂಗಳದ ತನಕ ಜನ. ಸೇಗನ್ ಬಂದಾಗ ದೊಡ್ಡಪ್ಪ, ನಾನು, ಮತ್ತೆ ಬಾಗಿಲ ಹತ್ತಿರ ಮಲಗಿದ ನಾಯಿ. ಇಂಗ್ಲಿಷು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಆದರೂ ಅವರು ನಿಧಾನಕ್ಕೆ, ಒಂದೊಂದು ಮಾತನ್ನೂ ಜಗಿದು ಹೇಳುವ ರೀತಿ ಹಿಡಿಸಿತ್ತು. ತಮಿಳುನಾಡಿನ ಪೊಂಗಲ್, ಚೋಳರ ಕಾಲದ ನಟರಾಜ ಎಲ್ಲ ಒಂದು ಕಂತಿನಲ್ಲಿ ಬಂದಾಗ ದೊಡ್ಡಪ್ಪ ಎದ್ದು ಕೂತದ್ದು ನನಗೆ ಈಗಲೂ ನೆನಪುಂಟು.

ಸೇಗನ್ 1996ರಲ್ಲಿ ತೀರಿಕೊಂಡರು. ಅವರ ಪತ್ನಿ ಆನ್ ಡ್ರುಯಾನ್ ಮುಂದೆ ನಿಂತು 2014ರಲ್ಲಿ ಸರಣಿಯನ್ನು ಹೊಸತಾಗಿ ಕಟ್ಟಿದರು. ಅರ್ಥ ಹೇಳುವವರು ಈ ಸಲ ನೀಲ್ ಡಿಗ್ರಾಸ್ ಟೈಸನ್. ಅಮೆರಿಕದಲ್ಲಿ ಮಾರ್ಚ್ 9ಕ್ಕೆ ಆರಂಭವಾಗಿ, ನ್ಯಾಶನಲ್ ಜಿಯೊಗ್ರಾಫಿಕ್ ಚಾನೆಲ್ ಮೂಲಕ ನಮ್ಮ ಕೇಬಲಿಗೂ ಬಂತು.

ದೊಡ್ಡಪ್ಪನ ತೀರ್ಪು ಮೊದಲ ದಿನವೇ ಹೊರಬಿತ್ತು: ‘ಹಳತ್ತು ತಾಳಮದ್ದಳೆ, ಇದು ಬಯಲಾಟ.’ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿ ಬೆಳೆದ ಊರು ನಮ್ಮದು. ಬಣ್ಣ ಬಟ್ಟೆ ಇಲ್ಲದೆ ಬರೇ ಮಾತಿನಲ್ಲಿ ರಾವಣನನ್ನು ಎಬ್ಬಿಸಿ ನಿಲ್ಲಿಸಿದವರನ್ನು ಕಂಡವರಿಗೆ ಗ್ರಾಫಿಕ್ಸಿನ ಕಿರೀಟ ಭಾರ ಅನ್ನಿಸುವುದು ಸಹಜ. ನನಗೂ ಮೊದಲು ಹಾಗೇ ಅನ್ನಿಸಿತು. ಬಾಹ್ಯಾಕಾಶದಲ್ಲಿ ಅಷ್ಟು ಸದ್ದು ಯಾಕೆ ಮಾರಾಯ್ರೇ, ಅಲ್ಲಿ ಗಾಳಿಯೇ ಇಲ್ಲವಲ್ಲ?

ಆದರೆ ಮೊದಲ ಕಂತಿನ ಕೊನೆಗೆ ಟೈಸನ್ ತನ್ನ ಕತೆ ಹೇಳಿದರು. 1975ರ ಡಿಸೆಂಬರ್ 20. ನ್ಯೂಯಾರ್ಕಿನ 17 ವರ್ಷದ ಹುಡುಗ ಸೇಗನ್‌ರನ್ನು ಕಾಣಲು ಇಥಾಕ ಊರಿಗೆ ಹೋಗುತ್ತಾನೆ. ಅಷ್ಟು ದೊಡ್ಡ ವಿಜ್ಞಾನಿ ದಿನವಿಡೀ ಅವನಿಗೆ ಪ್ರಯೋಗಾಲಯ ತೋರಿಸಿ, ಸಂಜೆ ಬಸ್ಸು ನಿಲ್ದಾಣಕ್ಕೆ ಬಿಟ್ಟು, ಹಿಮ ಬೀಳುವುದನ್ನು ಕಂಡು ತನ್ನ ಮನೆಯ ಫೋನು ನಂಬರು ಬರೆದುಕೊಡುತ್ತಾರೆ. ಬಸ್ಸು ಬಾರದಿದ್ದರೆ ನಮ್ಮಲ್ಲಿ ಉಳಿದುಕೋ ಎಂದು. ಪೆರ್ಲದ ಕೊನೆಯ ಬಸ್ಸು ತಪ್ಪಿಸಿಕೊಂಡು ಮಳೆಯಲ್ಲಿ ನಿಂತವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ದೊಡ್ಡಪ್ಪ ಆ ಮೇಲೆ ಬಯಲಾಟದ ಮಾತು ಎತ್ತಲಿಲ್ಲ.

ಭಾಷೆಯ ಗುಂಡಿ

ನಮ್ಮ ಕೂಟದಲ್ಲಿ ಇಂಗ್ಲಿಷ್ ಬಲ್ಲವರು ಇಬ್ಬರು, ಹಿಂದಿ ಬಲ್ಲವರು ಒಬ್ಬರು. ಅಡಿಕೆ ವ್ಯಾಪಾರದ ಹಾಜಿಯವರು ಹಿಂದೆ ಮುಂಬಯಿಯಲ್ಲಿದ್ದವರು. ಅವರು ರಿಮೋಟಿನ ಭಾಷೆಯ ಗುಂಡಿ ಒತ್ತಿ ಒತ್ತಿ ನೋಡಿದರು. ಕನ್ನಡ ಇಲ್ಲ, ಮಲಯಾಳವೂ ಇಲ್ಲ. ಹಾಗಾಗಿ ನಾನು ಭಾಗವತನಾದೆ. ಜಾಹೀರಾತು ಬಂದಾಗಲೆಲ್ಲ ಅದುವರೆಗಿನ ಕತೆಯನ್ನು ಕನ್ನಡದಲ್ಲಿ ಹೇಳುವುದು, ಹಾಜಿಯವರು ಅದಕ್ಕೆ ಮಲಯಾಳದಲ್ಲಿ ಬಾಲಂಗೋಚಿ ಕಟ್ಟುವುದು. ನಾನು ಜ್ಯೋತಿರ್ವರ್ಷ ಎಂದರೆ ಅವರು ಪ್ರಕಾಶವರ್ಷ ಎನ್ನುವರು. ದೂರ ಅಷ್ಟೇ.

ಕನ್ನಡ ಯಾಕಿಲ್ಲ ಎಂಬುದು ಗೊತ್ತಿದ್ದ ಸಂಗತಿಯೇ. ಕನ್ನಡದಲ್ಲಿ ಡಬ್ಬಿಂಗ್ ಕೂಡದೆಂದು ಚಿತ್ರರಂಗದವರು ದಶಕಗಳಿಂದ ಹಿಡಿದ ಹಠದಿಂದ 2012ರ ‘ಸತ್ಯಮೇವ ಜಯತೆ’ಯೂ ಕನ್ನಡಕ್ಕೆ ಬರಲಾಗಲಿಲ್ಲ. ಅನ್ನ ಉಳಿಸಿಕೊಳ್ಳುವ ಅವರ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಆದರೆ ಕೇರಳದೊಳಗೆ ಕನ್ನಡ ಶಾಲೆ ಉಳಿಸಲು ಒದ್ದಾಡುವ ನಮಗೆ ಬೆಂಗಳೂರಿನ ಆ ಬೀಗ ಎರಡು ಸಲ ಬಿದ್ದ ಹಾಗೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಕೂತು ‘ವಿಜ್ಞಾನ ಪ್ರಪಂಚ’ವನ್ನು ಕನ್ನಡದಲ್ಲಿ ಬರೆದರು, ಜಿ.ಟಿ. ನಾರಾಯಣ ರಾಯರು ನಕ್ಷತ್ರಗಳ ಬಗ್ಗೆ ಜೀವಮಾನವಿಡೀ ಬರೆದರು. ಟೀವಿಗೆ ಮಾತ್ರ ಅದು ಆಗದು ಎಂದರೆ ಹೇಗೆ? 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ತೀರ್ಪಿತ್ತಿತು. 2020ರಲ್ಲಿ ‘ವೈಲ್ಡ್ ಕರ್ನಾಟಕ’ ರಿಷಬ್ ಶೆಟ್ಟರ ದನಿಯಲ್ಲಿ ಕನ್ನಡ ಮಾತಾಡಿತು. ನಮ್ಮ ಚಾವಡಿಯ ಕಾಲಕ್ಕೆ ಅದು ಒದಗಲಿಲ್ಲ.

ಕನ್ನಡ ಮಾಧ್ಯಮದಲ್ಲಿ ಏಳನೇ ಕ್ಲಾಸು ಓದುತ್ತಿದ್ದ ದೊಡ್ಡಪ್ಪನ ಮೊಮ್ಮಗನಿಗೆ ಮಾತು ಬೇಕೇ ಆಗಲಿಲ್ಲ. ವಿಶ್ವದ 1,380 ಕೋಟಿ ವರ್ಷಗಳನ್ನು ಒಂದೇ ವರ್ಷದ ಕ್ಯಾಲೆಂಡರಿಗೆ ಇಳಿಸಿ ತೋರಿಸಿದ್ದನ್ನು ಅವನು ಗೋಡೆಯ ಪಂಚಾಂಗದ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದ. ಜನವರಿ 1ಕ್ಕೆ ಮಹಾಸ್ಫೋಟ, ಆಗಸ್ಟ್ 31ಕ್ಕೆ ಸೂರ್ಯನ ಹುಟ್ಟು, ಮನುಷ್ಯ ಬರೆದಿಟ್ಟ ಚರಿತ್ರೆಯೆಲ್ಲ ಡಿಸೆಂಬರ್ 31ರ ಕೊನೆಯ 14 ಸೆಕೆಂಡು. ‘ಸೂರ್ಯ ಹುಟ್ಟಿದ್ದು ಸೋಣ ತಿಂಗಳಲ್ಲಿ’ ಎಂದು ಅವನು ಸಾರಿದ. ‘ಞಂಗಡ ಚಿಂಗ’ ಎಂದರು ಹಾಜಿಯವರು. ಅದೇ ಹುಡುಗ 2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ನನ್ನನ್ನು ಚೆರ್ವತ್ತೂರಿಗೆ ಎಳೆದುಕೊಂಡು ಹೋದ. ಬೆಳಿಗ್ಗೆ ಒಂಬತ್ತೂವರೆಯ ಆಚೀಚೆ ಸೂರ್ಯ ಬಳೆಯಾದಾಗ ಬಿಸಿಲು ಬೆಳದಿಂಗಳ ಹಾಗೆ ತಣ್ಣಗಾಯಿತು. ಮನೆಯಲ್ಲಿ ದೊಡ್ಡಮ್ಮ ಬಾಗಿಲು ಹಾಕಿ ಕೂತಿದ್ದರು, ಅದು ಬೇರೆ ವಿಷಯ.

ಏಳನೆಯ ಕಂತು

ಲೋಕಸಭೆಯ ವೋಟು ಹಾಕಿ ಆಗಿತ್ತು, ಎಣಿಕೆ ಆಗಿರಲಿಲ್ಲ. ಆ ವಾರದ ಕತೆ ಕ್ಲೇರ್ ಪ್ಯಾಟರ್ಸನ್ ಎಂಬ ವಿಜ್ಞಾನಿಯದು. ಭೂಮಿಯ ಪ್ರಾಯ ಎಷ್ಟೆಂದು ತಿಳಿಯಲು ಅವರು ಉಲ್ಕಾಶಿಲೆಯೊಳಗಿನ ಸೀಸವನ್ನು ಅಳೆಯಲು ಹೊರಟರು. ಆದರೆ ಅಳತೆ ಕೂಡಿಬರುವುದೇ ಇಲ್ಲ. ಕೋಣೆಯ ಗಾಳಿಯಲ್ಲಿ, ಧೂಳಿನಲ್ಲಿ, ತಲೆಗೂದಲಿನಲ್ಲಿ ಎಲ್ಲ ಕಡೆ ಸೀಸ. ಕೊನೆಗೆ ಅವರು ಪಾತ್ರೆಗಳನ್ನು ಆಮ್ಲದಲ್ಲಿ ಕುದಿಸಿ, ಮೈಯಿಡೀ ಮುಚ್ಚಿಕೊಂಡು ಒಳಗೆ ಹೋಗುವಂಥ ಕೋಣೆ ಕಟ್ಟಿದರು. ‘ಅಂವ ಮಡಿ ಮಾಡ್ತಾ ಇದ್ದಾನೆ’ ಎಂದರು ದೊಡ್ಡಮ್ಮ. ಅದಕ್ಕಿಂತ ಒಳ್ಳೆಯ ಅನುವಾದ ನನ್ನಿಂದ ಆಗುತ್ತಿರಲಿಲ್ಲ.

1956ರಲ್ಲಿ ಪ್ಯಾಟರ್ಸನ್ ಲೆಕ್ಕ ಒಪ್ಪಿಸಿದರು: 455 ಕೋಟಿ ವರ್ಷ, ಹೆಚ್ಚು ಕಡಿಮೆ 7 ಕೋಟಿ. ದೊಡ್ಡಪ್ಪ ಕೂಡಲೇ ಕಲ್ಪದ ಲೆಕ್ಕ ತೆಗೆದರು. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ. ದಿನಾ ಸಂಕಲ್ಪದಲ್ಲಿ ಶ್ವೇತವರಾಹ ಕಲ್ಪ ಎನ್ನುವುದು ಅದನ್ನೇ.

‘ಬಾಕಿ 23 ಕೋಟಿ ಎಲ್ಲಿ ಹೋಯ್ತು ಭಟ್ರೇ?’ ಹಾಜಿಯವರು ಕೇಳಿದರು. ಅವರೇ ಉತ್ತರವನ್ನೂ ಕೊಟ್ಟರು: ‘ಹಸಿಯಲ್ಲಿ 455 ಇದ್ದದ್ದು ಒಣಗಿ 432 ಆಗಿರ್ಬೇಕು.’

ನಗು ಅಲ್ಲಿಗೆ ಮುಗಿಯಿತು. ಪ್ಯಾಟರ್ಸನ್‌ಗೆ ಆ ಸೀಸ ಎಲ್ಲಿಂದ ಬಂತೆಂಬ ಸಂಶಯ ಹೊಕ್ಕಿತ್ತು. ಸಮುದ್ರದ ಆಳದ ನೀರಿನಲ್ಲಿ ಕಡಿಮೆ, ಮೇಲ್ಭಾಗದಲ್ಲಿ ಹೆಚ್ಚು. ಗ್ರೀನ್‌ಲ್ಯಾಂಡಿನ ಹಳೆಯ ಮಂಜುಗಡ್ಡೆಯಲ್ಲಿ ಅಲ್ಪ, ಹೊಸತರಲ್ಲಿ ಧಾರಾಳ. ಮೂಲ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ. ಉದ್ಯಮದ ಹಣದಲ್ಲಿ ಸಂಶೋಧನೆ ನಡೆಸುತ್ತಿದ್ದ ರಾಬರ್ಟ್ ಕೀಹೋ ಎಂಬ ಡಾಕ್ಟರು ಮಾತ್ರ, ಸೀಸ ಪ್ರಕೃತಿಯಲ್ಲೇ ಇರುವಂಥದ್ದು, ಇಷ್ಟರಿಂದ ಏನೂ ಆಗುವುದಿಲ್ಲ ಎಂದು ದಶಕಗಳ ಕಾಲ ಹೇಳಿಕೊಂಡೇ ಬಂದರು. 1971ರಲ್ಲಿ ಗಾಳಿಯ ಸೀಸದ ಬಗ್ಗೆ ವರದಿ ಮಾಡಿದ ತಜ್ಞರ ಸಮಿತಿಯಲ್ಲಿ ಪ್ಯಾಟರ್ಸನ್ ಇರಲಿಲ್ಲ!

ಜಾಹೀರಾತು ಬಂತು. ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಬಾಗಿಲ ಹತ್ತಿರ ಕೂತಿದ್ದ ನೆರೆಮನೆಯ ಹೆಂಗಸು, ಅದುವರೆಗೆ ಆರು ವಾರವೂ ಬಾಯಿ ಬಿಡದವರು, ತುಳುವಿನಲ್ಲಿ ಹೇಳಿದರು: ‘ಇದು ನಮ್ಮ ಮದ್ದಿನ ಕತೆ ಅಲ್ವಾ ಅಣ್ಣಾ?’

ನಮ್ಮ ಕಡೆ ಜ್ವರಕ್ಕೆ ಕುಡಿಯುವುದೂ ಮದ್ದು, ಅಡಿಕೆಗೆ ಬಿಡುವ ಬೋರ್ಡೋ ದ್ರಾವಣವೂ ಮದ್ದು, ಗೇರು ಗುಡ್ಡಕ್ಕೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನೂ ಮದ್ದು. ಎಪ್ಪತ್ತರ ದಶಕದ ಉತ್ತರಾರ್ಧದಿಂದ 2000ದ ಡಿಸೆಂಬರ್ ತನಕ ಜಿಲ್ಲೆಯ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಹೆಚ್ಚಿನ ಗೇರು ತೋಟಗಳ ಮೇಲೆ ಅದು ಬಿತ್ತು. ಗೇರಿನ ಚಿಗುರು ಹೂ ಹೀರುವ ಟೀ ಸೊಳ್ಳೆಗೆಂದು ಬಿಟ್ಟದ್ದು ಗುಡ್ಡದ ಬುಡದ ತೋಡಿಗೆ, ಸುರಂಗದ ನೀರಿಗೆ, ಅಂಗಳಕ್ಕೆ ಇಳಿಯಿತು. ಹುಡುಗರಾಗಿದ್ದ ನಾವು ಹೆಲಿಕಾಪ್ಟರ್ ನೋಡಲು ಓಡಿದವರು. ಕೈ ಬೀಸಿದವರು.

ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಒಂದೇ ವಠಾರದಲ್ಲಿ ಇಷ್ಟೊಂದು ಕಾಯಿಲೆ ಯಾಕೆಂದು ಪ್ರಶ್ನೆ ಎತ್ತಿದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಮದ್ದು ಬಿದ್ದ ಕಡೆಯ 117 ಹುಡುಗರನ್ನೂ ಬೀಳದ ಕಡೆಯ 90 ಹುಡುಗರನ್ನೂ ಪರೀಕ್ಷಿಸಿ, ಮದ್ದು ಬಿದ್ದ ಕಡೆ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂದು 2003ರಲ್ಲಿ ಪ್ರಕಟಿಸಿದರು. ಅದರ ಎದುರು, ಸಂಬಂಧ ಸಾಬೀತಾಗಿಲ್ಲ ಎಂದ ಸಮಿತಿಗಳೂ ಬಂದವು, ಹೋದವು. ಸುಪ್ರೀಂ ಕೋರ್ಟ್ ದೇಶದಲ್ಲೇ ಎಂಡೋಸಲ್ಫಾನನ್ನು ತಡೆದದ್ದು 2011ರ ಮೇ ತಿಂಗಳಲ್ಲಿ.

ಸೀಸಕ್ಕೂ ಎಂಡೋಸಲ್ಫಾನಿಗೂ ಒಂದೇ ತಕ್ಕಡಿ ಸರಿಯೇ ಎಂದು ಕೇಳುವವರಿದ್ದಾರೆ. ಸರಿಯಲ್ಲ. ಸೀಸ ಮೆದುಳಿಗೆ ಮಾಡುವ ಹಾನಿಯ ಬಗ್ಗೆ ಇಂದು ತಕರಾರಿಲ್ಲ. ನಮ್ಮಲ್ಲಿ ಯಾವ ಮಗುವಿನ ಯಾವ ಕಾಯಿಲೆಗೆ ಮದ್ದೇ ಕಾರಣ ಎಂಬುದು ಒಬ್ಬೊಬ್ಬರ ಮಟ್ಟಿಗೆ ಹೇಳಲು ಕಷ್ಟ. ಮದ್ದು ಬೀಳುವ ಮೊದಲು ಊರಿನ ಆರೋಗ್ಯ ಹೇಗಿತ್ತೆಂದು ಯಾರೂ ಬರೆದಿಟ್ಟಿಲ್ಲ. ಪ್ಯಾಟರ್ಸನ್‌ಗೆ ಗ್ರೀನ್‌ಲ್ಯಾಂಡಿನ ಹಳೆಯ ಮಂಜುಗಡ್ಡೆ ಸಿಕ್ಕಿತು, ನಮ್ಮ ಗುಡ್ಡದಲ್ಲಿ ಅಂಥದ್ದು ಎಲ್ಲಿಂದ ತರುವುದು? ಆದರೆ ಚಾವಡಿಯಲ್ಲಿ ಕೂತವರಿಗೆ ತಟ್ಟಿದ್ದು ರಸಾಯನವಲ್ಲ, ‘ಏನೂ ಆಗುವುದಿಲ್ಲ’ ಎಂಬ ಆ ಡಾಕ್ಟರ ಮಾತಿನ ಧಾಟಿ. ಆ ಧಾಟಿಯನ್ನು ಅವರು ಕನ್ನಡದಲ್ಲೂ ಮಲಯಾಳದಲ್ಲೂ ಕೇಳಿದ್ದರು.

ಇನ್ನೊಂದು ತಾಳೆ ನನಗೆ ಆಮೇಲೆ ಹೊಳೆಯಿತು. ನಮ್ಮ ದೇಶದ ಪಂಪುಗಳಲ್ಲಿ ಸೀಸದ ಪೆಟ್ರೋಲು ನಿಂತದ್ದು 2000ದ ಫೆಬ್ರವರಿ 1ಕ್ಕೆ. ಹೆಲಿಕಾಪ್ಟರ್ ನಿಂತದ್ದೂ ಅದೇ ವರ್ಷ.

ಕಂತು ಮುಗಿದ ಮೇಲೆ ಆ ಹೆಂಗಸು ಏಳಲಿಲ್ಲ. ‘ಆ ಸೀಸದವರು ಕೊನೆಗೆ ಪರಿಹಾರ ಕೊಟ್ಟರಾ?’ ಎಂದು ಕೇಳಿದರು. ಸರಣಿಯಲ್ಲಿ ಅದು ಬರಲಿಲ್ಲ ಎಂದೆ. ಅವರ ಮಗನಿಗೆ ಆಗ 19 ವರ್ಷ, ಎತ್ತಿಯೇ ಊಟ ಕೊಡಬೇಕು. ‘ಹಾಗಾದ್ರೆ ಬಂದಿರ್ಲಿಕ್ಕಿಲ್ಲ’ ಎಂದು ಹೇಳಿ, ಟಾರ್ಚು ಹಿಡಿದು ಗುಡ್ಡ ಇಳಿದರು. ಒಬ್ಬೊಬ್ಬ ಬಾಧಿತರಿಗೂ 5 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಜನವರಿಯಲ್ಲಿ, ಮೂರು ತಿಂಗಳ ಗಡುವಿನೊಂದಿಗೆ. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ನೋಡುವಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ, ಕೋರ್ಟಿಗೆ ಹೋದವರಿಗೆ ಮಾತ್ರ. ಆ ಗದರಿಕೆಯ ನಂತರ ವಿತರಣೆ ಚುರುಕಾಯಿತು.

ಮೂರನೆಯ ಕಾಸ್ಮೋಸ್ ಅಮೆರಿಕದಲ್ಲಿ ಆರಂಭವಾದದ್ದು 2020ರ ಮಾರ್ಚ್ 9ಕ್ಕೆ. ಆ ತಿಂಗಳು ಮುಗಿಯುವುದರೊಳಗೆ ಮಂಗಳೂರಿಗೆ ಹೋಗುವ ನಮ್ಮ ರಸ್ತೆಗಳಿಗೆ ಮಣ್ಣು ಬಿದ್ದಿತ್ತು, ಆಂಬ್ಯುಲೆನ್ಸುಗಳು ತಲಪಾಡಿಯಿಂದ ಹಿಂದೆ ಬರುತ್ತಿದ್ದವು. ಅದನ್ನು ಕೂಟ ಕಟ್ಟಿ ನೋಡುವ ಮನಸ್ಸು ಯಾರಿಗೂ ಇರಲಿಲ್ಲ.

ನಾನು ಹೇಳಬೇಕೆಂದಿದ್ದದ್ದು ಎಂಟನೆಯ ಕಂತಿನ ಸಂಜೆಯನ್ನು. ಆ ಹೆಂಗಸು ಇನ್ನು ಬರಲಾರರೆಂದು ಎಣಿಸಿದ್ದೆವು. ಬಂದರು, ಮಗನನ್ನೂ ಎತ್ತಿಕೊಂಡು. ದೊಡ್ಡಮ್ಮ ಚಾಪೆ ಹಾಕಿ, ಗೋಡೆಗೆ ದಿಂಬು ಕೊಟ್ಟು ಅವನನ್ನು ಕೂರಿಸಿದರು. ಅಂದಿನದು ಕೃತ್ತಿಕಾ ನಕ್ಷತ್ರಪುಂಜದಿಂದ ಆರಂಭವಾಗಿ, ನಕ್ಷತ್ರಗಳು ಮುಖ್ಯವಾಗಿ ಹೈಡ್ರೋಜನ್ನಿಂದ ಆದವೆಂದು 1925ರಲ್ಲೇ ಹೇಳಿ ದೊಡ್ಡವರಿಂದ ಅಲ್ಲಗಳೆಸಿಕೊಂಡ ಸಿಸಿಲಿಯಾ ಪೇಯ್ನ್ ಎಂಬ ಹೆಣ್ಣುಮಗಳ ಕತೆ. ಅರ್ಧಕ್ಕೆ ಬರುವಾಗ ಗುಡುಗು, ಗಾಳಿ, ಕರೆಂಟು ಹೋಯಿತು.

ಮಳೆ ಬಿಟ್ಟ ಮೇಲೆ ಎಲ್ಲರೂ ಅಂಗಳಕ್ಕೆ ಬಂದೆವು. ಮೋಡ ಸರಿದು ನಾಲ್ಕಾರು ನಕ್ಷತ್ರ ಕಂಡವು. ಟೀವಿಯಲ್ಲಿ ತೋರಿಸಿದ ಕೃತ್ತಿಕೆ ಎಲ್ಲುಂಟು ಎಂದು ಆ ಹೆಂಗಸು ಕೇಳಿದರು.

‘ಈಗ ಕಾಣ್ಲಿಕ್ಕಿಲ್ಲ’ ಎಂದರು ದೊಡ್ಡಪ್ಪ. ‘ಭರಣಿ ಮಳೆ ನಡೀತಾ ಉಂಟಲ್ಲ, ಸೂರ್ಯ ಅದರ ಹತ್ತಿರವೇ ಇದ್ದಾನೆ. ಆಟಿಯಲ್ಲಿ ಬೆಳಗ್ಗಿನ ಜಾವಕ್ಕೆ ಮೂಡ್ತದೆ, ಆದ್ರೆ ಆಗ ಮೋಡ. ಸೋಣ ಕಳೀಲಿ.’

‘ಆಗ ಹೇಳಿ ಕಳ್ಸಿ. ಇವನನ್ನು ಹೊರಗೆ ಕರ್ಕೊಂಡು ಬರ್ತೇನೆ’ ಎಂದರು ಅವರು.