ಏಳು ಮಕ್ಕಳು ಉಂಡ ಮೇಲೆ

ಸೆಪ್ಟೆಂಬರ್ ಕೊನೆಯ ವಾರ ಬ್ರೆಜಿಲ್‌ನ ಬಾಹಿಯಾ ರಾಜ್ಯದ ಮನೆಮನೆಗಳಲ್ಲಿ ಬೆಂಡೆಕಾಯಿ ಹೆಚ್ಚುವ ಕೆಲಸ ನಡೆಯುತ್ತದೆ. ನೆಂಟರು, ನೆರೆಹೊರೆಯವರು ಹಿಂದಿನ ದಿನವೇ ಬಂದು ಚಾಕು ಹಿಡಿದು ಕೂರುತ್ತಾರೆ. ಅಡುಗೆ ಎಷ್ಟು ದೊಡ್ಡದು ಎಂಬುದನ್ನು ಹೇಳುವುದೂ ಬೆಂಡೆಯ ಎಣಿಕೆಯಿಂದಲೇ. ಒಬ್ಬರ ಮನೆಯದು ಸಾವಿರ ಬೆಂಡೆಯದು, ಇನ್ನೊಬ್ಬರದು ಇನ್ನೂ ಹೆಚ್ಚಿನದು. ಸಣ್ಣಗೆ ಹೆಚ್ಚಿದ ಬೆಂಡೆಗೆ ಒಣ ಸೀಗಡಿ, ಈರುಳ್ಳಿ, ಅರೆದ ಶೇಂಗಾ, ಗೋಡಂಬಿ ಬೆರೆಸಿ, ‘ದೆಂದೆ’ ಎಂಬ ಕೆಂಪು ತಾಳೆಎಣ್ಣೆಯಲ್ಲಿ ಬೇಯಿಸಿದರೆ ‘ಕರುರು’ ಸಿದ್ಧ. ಸೆಪ್ಟೆಂಬರ್ 27ರಂದು ಅದು ಸಂತ ಕೊಸ್ಮೆ ಮತ್ತು ಸಂತ ದಮಿಯಾಂವ್ ಅವರ ಹೆಸರಿನಲ್ಲಿ ಬಡಿಸುವ ಊಟ.

ಈ ಸಂತರು ಅವಳಿ ಸೋದರರು, ವೈದ್ಯರು. ರೋಗಿಗಳಿಂದ ಕಾಸು ಮುಟ್ಟದವರೆಂದು ಕ್ರೈಸ್ತ ಪರಂಪರೆ ಅವರನ್ನು ನೆನೆಯುತ್ತದೆ. ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ ಕಾಲದಲ್ಲಿ ಅವರನ್ನು ಕೊಲ್ಲಲಾಯಿತು. ಪೋರ್ಚುಗೀಸರು ಅವರ ಭಕ್ತಿಯನ್ನು ಬ್ರೆಜಿಲ್‌ಗೆ ತಂದರು. ಪೆರ್ನಾಂಬುಕೊ ರಾಜ್ಯದ ಇಗರಸ್ಸು ಪಟ್ಟಣದಲ್ಲಿ 1535ರಲ್ಲಿ ಆರಂಭವಾದ ಚರ್ಚು ಇವರದೇ ಹೆಸರಿನದು. 1969ರಲ್ಲಿ ಕ್ಯಾಥೊಲಿಕ್ ಪಂಚಾಂಗ ಪರಿಷ್ಕರಣೆಗೊಂಡಾಗ ಹಬ್ಬ 26ಕ್ಕೆ ಸರಿಯಿತು. ಜನ ಮಾತ್ರ 27 ಬಿಡಲಿಲ್ಲ.

ಆದರೆ ಬೆಂಡೆ, ತಾಳೆಎಣ್ಣೆಗಳ ಈ ಅಡುಗೆ ರೋಮ್‌ನಿಂದ ಬಂದದ್ದಲ್ಲ. ಇಂದಿನ ನೈಋತ್ಯ ನೈಜೀರಿಯಾ ಮತ್ತು ಬೆನಿನ್‌ನಿಂದ ಗುಲಾಮರಾಗಿ ಸಾಗಿಸಲ್ಪಟ್ಟ ಯೊರುಬಾ ಜನ ತಮ್ಮೊಂದಿಗೆ ‘ಇಬೆಜಿ’ ಎಂಬ ಅವಳಿ ದೈವವನ್ನು ತಂದಿದ್ದರು. ಜಗತ್ತಿನಲ್ಲೇ ಅತಿ ಹೆಚ್ಚು ಅವಳಿಗಳು ಹುಟ್ಟುವ ಸಮುದಾಯಗಳಲ್ಲಿ ಯೊರುಬಾ ಒಂದು. ಅಲ್ಲಿ ಮೊದಲು ಹುಟ್ಟಿದ ಅವಳಿಗೆ ತೈವೊ, ಎರಡನೆಯದಕ್ಕೆ ಕೆಹಿಂದೆ ಎಂದು ಹೆಸರು. ಅವಳಿಗಳಲ್ಲಿ ಒಂದು ಕೂಸು ತೀರಿಕೊಂಡರೆ ಪುಟ್ಟ ಮರದ ಬೊಂಬೆ ಕೆತ್ತಿಸಿ, ಅದನ್ನು ಮೀಯಿಸಿ, ಸಿಂಗರಿಸಿ, ಉಣಿಸಿ ತಾಯಿ ಸಾಕುತ್ತಿದ್ದಳು. ಸಂಕೋಲೆಯಲ್ಲಿ ಕಡಲು ದಾಟಿದವರ ಎದೆಯಲ್ಲಿ ಉಳಿದದ್ದು ಇಂಥ ಭಕ್ತಿ.

ಗುಲಾಮರು ಒಡೆಯರಿಗೆ ಹೆದರಿ ತಮ್ಮ ದೈವಗಳನ್ನು ಸಂತರ ವಿಗ್ರಹದ ಹಿಂದೆ ಬಚ್ಚಿಟ್ಟರು ಎಂಬ ವಿವರಣೆ ಸಾಮಾನ್ಯವಾಗಿ ಕೇಳಿಬರುತ್ತದೆ. ಹೆದರಿಕೆ ನಿಜವಾಗಿತ್ತು. ಆದರೂ ಆ ವಿವರಣೆ ಸಾಲದು. ಬ್ರೆಜಿಲ್‌ನಲ್ಲಿ ಮಾರಾಟವಾಗುವ ಅನೇಕ ವಿಗ್ರಹಗಳಲ್ಲಿ ಇಬ್ಬರು ಸಂತರ ನಡುವೆ ಮೂರನೆಯ ಪುಟಾಣಿಯೊಂದು ನಿಂತಿರುತ್ತದೆ. ಹೆಸರು ದೌಂ. ರೋಮ್‌ನ ಪರಂಪರೆಗೆ ಈ ಮಗುವಿನ ಪರಿಚಯವಿಲ್ಲ. ಯೊರುಬಾ ಮನೆಗಳಲ್ಲಿ ಅವಳಿಗಳ ಬೆನ್ನಿಗೆ ಹುಟ್ಟುವ ಕೂಸಿಗೆ ಇಡುವ ‘ಇದೊವು’ ಎಂಬ ಹೆಸರಿನಿಂದ ಅದು ಬಂದಿದೆ. ವೈದ್ಯರಾಗಿ ಪ್ರಾಣ ತೆತ್ತ ವಯಸ್ಕ ಸಂತರು ಇಲ್ಲಿ ಸಿಹಿ ಬೇಡುವ ತುಂಟ ಮಕ್ಕಳಾದರು, ಜೊತೆಗೊಬ್ಬ ತಮ್ಮನನ್ನೂ ಪಡೆದರು. ಆಫ್ರಿಕಾದವರು ಸಂತರನ್ನು ತಮ್ಮ ಮನೆಯ ಮಕ್ಕಳಾಗಿಸಿಕೊಂಡರು ಎನ್ನುವುದೇ ಹೆಚ್ಚು ಸರಿ.

ಊಟದ ಕ್ರಮದಲ್ಲಿ ಇದು ಕಣ್ಣಿಗೆ ಕಟ್ಟುತ್ತದೆ. ಮೊದಲ ಪಾಲು ವಿಗ್ರಹದ ಮುಂದೆ. ಆಮೇಲೆ ನೆಲದಲ್ಲಿ ಬಟ್ಟೆಯೋ ಚಾಪೆಯೋ ಹಾಸಿ, ದೊಡ್ಡ ಬೋಗುಣಿಯ ಸುತ್ತ ಏಳು ಮಕ್ಕಳನ್ನು ಕೂರಿಸುತ್ತಾರೆ. ಚಮಚವಿಲ್ಲ, ಏಳೂ ಮಕ್ಕಳು ಒಂದೇ ಬೋಗುಣಿಗೆ ಕೈಹಾಕಿ ಉಣ್ಣುತ್ತವೆ. ಹಿರಿಯರು ಸುತ್ತ ನಿಂತು ಚಪ್ಪಾಳೆ ತಟ್ಟಿ ಹಾಡುತ್ತಾರೆ. ಮನೆಯ ಹಿರೀಕರಿಗೂ, ಬಂದ ಗಣ್ಯರಿಗೂ ತಟ್ಟೆ ಸಿಗುವುದು ಆ ಮಕ್ಕಳು ಉಂಡ ಮೇಲೆಯೇ. ಕರುರು ಜೊತೆಗೆ ಕೋಳಿ, ಕಾಳು, ಕರಿದ ಬಾಳೆ, ಜೋಳದ ಅರಳು, ಕಬ್ಬಿನ ತುಂಡು ಇರುತ್ತವೆ. ಹೆಚ್ಚದೆ ಇಡಿಯಾಗಿ ಬಿಟ್ಟ ಬೆಂಡೆ ಯಾರ ತಟ್ಟೆಗೆ ಬೀಳುತ್ತದೋ ಅವರು ಮುಂದಿನ ವರ್ಷ ಕರುರು ಮಾಡಿಸಬೇಕು ಎಂಬ ವಾಡಿಕೆಯೂ ಉಂಟು. ಹರಕೆ ಹೀಗೆ ಮನೆಯಿಂದ ಮನೆಗೆ ದಾಟುತ್ತದೆ.

ರಿಯೊ ಡಿ ಜನೈರೊದಲ್ಲಿ ಹಬ್ಬ ಬೀದಿಗಿಳಿಯುತ್ತದೆ. ಸಂತರ ಚಿತ್ರ ಅಚ್ಚಾದ ಕಾಗದದ ಚೀಲಗಳಲ್ಲಿ ಕೊಬ್ಬರಿ ಮಿಠಾಯಿ, ಕುಂಬಳದ ಸಿಹಿ, ನಮ್ಮ ಶೇಂಗಾ ಚಿಕ್ಕಿಯನ್ನೇ ಹೋಲುವ ‘ಪೆ ದಿ ಮೊಲೆಕಿ’ ತುಂಬಿ ಹಂಚುತ್ತಾರೆ. ಮಕ್ಕಳು ಗುಂಪುಗಟ್ಟಿ ಓಣಿ ಓಣಿ ಓಡುತ್ತವೆ. ಇಪ್ಪತ್ತನೆಯ ಶತಮಾನದಲ್ಲಿ ರಿಯೊ ಸುತ್ತಮುತ್ತ ಬೆಳೆದ ಉಂಬಾಂಡ ಪಂಥದಲ್ಲಿ ಆ ದಿನ ಮಕ್ಕಳ ಆತ್ಮಗಳು ಭಕ್ತರ ಮೈಮೇಲೆ ಬರುತ್ತವೆ; ಬಿಳಿಯುಟ್ಟ ದೊಡ್ಡವರು ನೆಲದಲ್ಲಿ ಕೂತು ಮಿಠಾಯಿ ತಿನ್ನುತ್ತ, ಆಟಿಕೆ ಹಿಡಿದು ನಗುತ್ತ, ಬಂದವರನ್ನು ಹರಸುತ್ತಾರೆ.

ಇಷ್ಟು ಮುಕ್ತವಾಗಿ ಆಚರಿಸುವ ಹಕ್ಕು ಸುಲಭಕ್ಕೆ ದಕ್ಕಲಿಲ್ಲ. ಗುಲಾಮಗಿರಿ 1888ರಲ್ಲಿ ರದ್ದಾಯಿತಾದರೂ ಆಫ್ರಿಕಾ ಮೂಲದ ದೈವಗಳನ್ನು ಪೂಜಿಸುವ ಕಾಂದೊಂಬ್ಲೆ ಪಂಥದ ಪೂಜಾಮಂದಿರಗಳ ಮೇಲೆ ಪೊಲೀಸ್ ದಾಳಿ ಮುಂದುವರಿಯಿತು. ಬಾಹಿಯಾದಲ್ಲಿ ಪೂಜೆಗೆ ಪೊಲೀಸರ ಅಪ್ಪಣೆ ಬೇಕೆಂಬ ನಿಯಮ ಹೋದದ್ದು 1976ರಲ್ಲಿ. 1983ರಲ್ಲಿ ಬಾಹಿಯಾದ ರಾಜಧಾನಿ ಸಾಲ್ವಡೋರ್‌ನ ಹೆಸರಾಂತ ಪೂಜಾರಿಣಿ ಮಾಯ್ ಸ್ಟೆಲ್ಲಾ ಮತ್ತು ಸಂಗಡಿಗರು ಒಂದು ದಿಟ್ಟ ಹೇಳಿಕೆ ಹೊರಡಿಸಿದರು: ತಮ್ಮದು ಸ್ವತಂತ್ರ ಧರ್ಮ, ಸಂತರೊಂದಿಗೆ ಅದನ್ನು ಬೆರೆಸುವುದು ಇನ್ನು ಬೇಡ. ಅವರ ಮಾತಿಗೆ ಗೌರವ ಸಿಕ್ಕಿತು, ಮನೆಗಳ ಕರುರು ಮಾತ್ರ ಸಂತರ ಹೆಸರಿನಲ್ಲೇ ನಡೆದುಕೊಂಡು ಬಂತು.

ಈಗಿನ ಸಂಕಟ ಬೇರೆ. ಇವಾಂಜೆಲಿಕಲ್ ಚರ್ಚುಗಳ ಪ್ರಭಾವ ಹೆಚ್ಚಿದಂತೆ, ಆ ಮಿಠಾಯಿ ದೆವ್ವಕ್ಕೆ ಅರ್ಪಿಸಿದ್ದೆಂದು ಮಕ್ಕಳನ್ನು ತಡೆಯುವ ತಂದೆತಾಯಿ ಹೆಚ್ಚಿದ್ದಾರೆ. ಹಂಚುವವರೂ ಕೆಲವೆಡೆ ಬೀದಿಗಿಳಿಯಲು ಅಳುಕುತ್ತಾರೆ. ಅಕ್ಕಪಕ್ಕದ ಮನೆಯ ಇಬ್ಬರು ಗೆಳೆಯರಲ್ಲಿ ಒಬ್ಬ ಚೀಲ ಹಿಡಿದು ಓಡಿದರೆ, ಇನ್ನೊಬ್ಬನಿಗೆ ಅಂದು ಬಾಗಿಲು ದಾಟುವಂತಿಲ್ಲ.