ಹೆಪ್ಪುಗಟ್ಟಿದ ನಾಡಿನಲ್ಲಿ ಪರಮಾಣು ಒಲೆ

ಪರಮಾಣು ವಿದ್ಯುತ್ ಸ್ಥಾವರವೆಂದ ಕೂಡಲೆ, ಅದನ್ನು ತಣ್ಣಗಿಡುವುದು ಹೇಗೆಂಬ ಪ್ರಶ್ನೆ ಮೊದಲು ಏಳುತ್ತದೆ. ಹಾಗಿದ್ದರೆ ಉತ್ತರ ಧ್ರುವದ ಸೀಮೆಗಿಂತ ಒಳ್ಳೆಯ ಜಾಗ ಇದಕ್ಕೆ ಬೇರೆಲ್ಲಿ ಎಂದು ಯಾರಿಗಾದರೂ ತೋರೀತು. ಕೆಲಸಕ್ಕೆ ಇಳಿದವರಿಗೆ ಮಾತು ಅಷ್ಟು ಸುಲಭವಲ್ಲ. ಅಲ್ಲಿ ಚಳಿ ನೆರವಾಗುವುದಕ್ಕಿಂತ ಕಾಡುವುದೇ ಹೆಚ್ಚು.

ರಷ್ಯದ ಈಶಾನ್ಯ ಮೂಲೆಯ ಚುಕೋಟ್ಕ ಪ್ರಾಂತದಲ್ಲಿ ಬಿಲಿಬಿನೊ ಎಂಬ ಸಣ್ಣ ಪಟ್ಟಣವಿದೆ. ಉತ್ತರ ಧ್ರುವವೃತ್ತದಿಂದಲೂ ಆಚೆಗಿರುವ ಊರು. ಚಿನ್ನದ ಗಣಿಗಳಿಂದ ಬೆಳೆದದ್ದು. ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 50 ಡಿಗ್ರಿಯಷ್ಟು ಕೆಳಗೆ ಇಳಿಯುವುದುಂಟು. ಕಲ್ಲಿದ್ದಲು ಹೊತ್ತು ತರಲು ರೈಲಿಲ್ಲ. ಯುರೇನಿಯಂ ಇಂಧನವಾದರೋ ತೂಕದಲ್ಲಿ ಅತಿ ಕಡಿಮೆ, ಬಾಳಿಕೆಯಲ್ಲಿ ಅತಿ ಹೆಚ್ಚು. ಆದುದರಿಂದ 1974ರಿಂದ 1976ರೊಳಗೆ ಇಲ್ಲಿ ನಾಲ್ಕು ಸಣ್ಣ ರಿಯಾಕ್ಟರುಗಳನ್ನು ನಡೆಸತೊಡಗಿದರು. ಒಂದೊಂದರಿಂದ ಬರುವ ವಿದ್ಯುತ್ತು ಕೇವಲ 12 ಮೆಗಾವಾಟ್. ಒಂದೊಂದರಲ್ಲಿ ಹುಟ್ಟುವ ಶಾಖವೋ 62 ಮೆಗಾವಾಟ್. ಈ ಎರಡನೆಯ ಅಂಕಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಗ್ರಾಫೈಟಿನ ನಡುವೆ ಹಾಯ್ದ ಕೊಳವೆಗಳಲ್ಲಿ ನೀರು ಕುದಿಯುತ್ತದೆ. ಕುದಿದದ್ದು ಹಗುರವಾಗಿ ಮೇಲೇರುತ್ತದೆ, ತಣಿದ ನೀರು ಭಾರವಾಗಿ ಕೆಳಗಿಳಿಯುತ್ತದೆ. ಅನ್ನದ ಪಾತ್ರೆಯಲ್ಲಿ ನಾವು ದಿನವೂ ನೋಡುವ ಸುತ್ತಾಟವೇ ಇದು. ರಿಯಾಕ್ಟರಿನೊಳಗೆ ನೀರನ್ನು ತಿರುಗಿಸಲು ಪಂಪು ಬೇಡ. ವಿದ್ಯುತ್ತು ಕೈಕೊಟ್ಟರೂ ಈ ಸುತ್ತಾಟ ನಿಲ್ಲುವುದಿಲ್ಲವೆಂಬುದು ಒಂಟಿ ಊರಿಗೆ ಸಣ್ಣ ಸಮಾಧಾನವಲ್ಲ.

ಟರ್ಬೈನನ್ನು ತಿರುಗಿಸಿದ ಆವಿಯನ್ನು ಮತ್ತೆ ನೀರು ಮಾಡಬೇಕಷ್ಟೆ. ಅದರ ಶಾಖವನ್ನು ಇಲ್ಲಿ ಗಾಳಿಗೆ ಬಿಡುತ್ತಾರೆ, ಮೋಟಾರು ಕಾರಿನ ರೇಡಿಯೇಟರಿನ ಹಾಗೆ. ಚಳಿ ನೆರವಾಗುವುದು ಈ ಒಂದು ಕಡೆ. ಆದರೆ ಅಲ್ಲಿಯೂ ಎಚ್ಚರ ಬೇಕು: ಹರಿವು ನಿಧಾನವಾದರೆ ಕೊಳವೆಯಲ್ಲಿನ ನೀರು ಗಡ್ಡೆಕಟ್ಟಿ ಹಿಗ್ಗುತ್ತದೆ, ಲೋಹ ಸೀಳುತ್ತದೆ. ತಣಿಸುವ ಯಂತ್ರವೇ ಅತಿಯಾಗಿ ತಣಿಯದಂತೆ ಕಾಯಬೇಕಾದ ವಿಚಿತ್ರ ಸ್ಥಿತಿ!

ಇನ್ನು ಕಾಲ ಕೆಳಗಿನ ನೆಲ. ಬೇಸಗೆಯಲ್ಲಿ ಮೇಲಿನ ಒಂದು ತೆಳುವಾದ ಪದರ ಮಾತ್ರ ಕರಗುತ್ತದೆ. ಅದರಡಿ ವರ್ಷವಿಡೀ ಕಲ್ಲಿನಂತೆ ಹೆಪ್ಪುಗಟ್ಟಿರುತ್ತದೆ. ಕಟ್ಟಡದ ಬಿಸಿ ಕೆಳಗಿಳಿದರೆ ಆ ನೆಲ ಕೆಸರಾಗಿ ಗೋಡೆಗಳು ಬಿರಿಯುತ್ತವೆ. ಆದುದರಿಂದ ಅಂಥ ಊರುಗಳಲ್ಲಿ ಮನೆಗಳನ್ನು ಕಂಬಗಳ ಮೇಲೆ ಎತ್ತಿ, ಕೆಳಗೆ ತಂಗಾಳಿ ಆಡಲು ಬಿಡುತ್ತಾರೆ. ಬಿಸಿನೀರಿನ ಕೊಳವೆಗಳನ್ನೂ ನೆಲದ ಮೇಲೆಯೇ, ದಪ್ಪ ಹೊದಿಕೆ ಹೊದಿಸಿ ಒಯ್ಯುತ್ತಾರೆ.

ಈ ಬಿಸಿನೀರೇ ಊರಿನ ಜೀವ. ಅದು ರಿಯಾಕ್ಟರಿನ ನೀರಲ್ಲ. ಅಲ್ಲಿನ ಶಾಖವನ್ನು ಲೋಹದ ಗೋಡೆಯ ಮೂಲಕ ಪಡೆದ ಬೇರೆ ನೀರು. ದೀಪ ಆರಿದರೆ ಮೇಣದಬತ್ತಿ ಹಚ್ಚಬಹುದು, ಆದರೆ 50 ಡಿಗ್ರಿ ಚಳಿಯಲ್ಲಿ ಮನೆಯ ಕೊಳವೆ ತಣ್ಣಗಾದರೆ ಕೆಲವೇ ತಾಸುಗಳಲ್ಲಿ ಜನರ ಪ್ರಾಣಕ್ಕೇ ಸಂಚಕಾರ. ದೇಶದ ದೊಡ್ಡ ವಿದ್ಯುತ್ ಜಾಲಕ್ಕೆ ಈ ಸೀಮೆ ಸೇರಿಲ್ಲವಾಗಿ, ನೆರೆಯಿಂದ ಎರವಲು ತರುವ ಹಾಗೂ ಇಲ್ಲ. ಒಂದೇ ದೊಡ್ಡ ರಿಯಾಕ್ಟರಿಗಿಂತ ನಾಲ್ಕು ಸಣ್ಣವು ಇದ್ದುದರ ಲಾಭ ಇಲ್ಲಿ ಕಾಣುತ್ತಿತ್ತು: ಒಂದನ್ನು ದುರಸ್ತಿಗೆ ನಿಲ್ಲಿಸಿದರೂ ಮಿಕ್ಕವು ಊರನ್ನು ಬೆಚ್ಚಗಿಡುತ್ತಿದ್ದವು.

ಯಂತ್ರಗಳಿಗೂ ಮುಪ್ಪು ಉಂಟು. 2019ರ ಹೊತ್ತಿಗೆ ಬಿಲಿಬಿನೊದ ಮೊದಲ ರಿಯಾಕ್ಟರು ಕೆಲಸ ನಿಲ್ಲಿಸಿತ್ತು. ಅದೇ ವರ್ಷ ಆಗಸ್ಟಿನಲ್ಲಿ ಮುರ್ಮಾನ್ಸ್ಕ್ ಬಂದರಿನಿಂದ ಒಂದು ತೇಲುವ ಸ್ಥಾವರ ಹೊರಟಿತು. ಹೆಸರು 'ಅಕಾಡೆಮಿಕ್ ಲೊಮೊನೊಸೊವ್'. ಹಡಗಿನಂಥ ಅದರ ಒಡಲಲ್ಲಿ 35 ಮೆಗಾವಾಟಿನ ಎರಡು ರಿಯಾಕ್ಟರುಗಳು. ಬೇರೆ ನಾವೆಗಳು ಅದನ್ನು ಎಳೆದುಕೊಂಡು, ಉತ್ತರದ ಕಡಲಿನಲ್ಲಿ ಸಾವಿರಾರು ಕಿಲೊಮೀಟರು ಸಾಗಿ, ಸೆಪ್ಟೆಂಬರಿನಲ್ಲಿ ಚುಕೋಟ್ಕದ ಪೆವೆಕ್ ರೇವನ್ನು ಮುಟ್ಟಿಸಿದವು. ಕಷ್ಟದ ಕಟ್ಟಡ ಕೆಲಸವೆಲ್ಲ ದೂರದ ಹಡಗುಕಟ್ಟೆಯಲ್ಲೇ ಮುಗಿದಿದ್ದರಿಂದ, ರಿಯಾಕ್ಟರುಗಳಿಗಾಗಿ ಹೆಪ್ಪುಗಟ್ಟಿದ ನೆಲದಲ್ಲಿ ತಳಪಾಯ ತೋಡುವ ತೊಡಕು ತಪ್ಪಿತು. ಡಿಸೆಂಬರಿನಲ್ಲಿ ಅದರ ವಿದ್ಯುತ್ತು ತಂತಿಗೆ ಹರಿಯಿತು; ಮರುವರ್ಷ, 2020ರಲ್ಲಿ, ಪೆವೆಕಿನ ಮನೆಗಳ ಕೊಳವೆಗೆ ಅದರ ಬಿಸಿಯೂ ಬಂದಿತು.